ಎಡಗಡೆ ತುಂಬಿದ ಪುಟ

ಆ ಕಾಪಿ ಪುಸ್ತಕ ನನ್ನ ಟೇಬಲ್ಲಿಗೆ ಬಂದದ್ದು ಶ್ರಾವಣದ ಒಂದು ಸೋಮವಾರ. ಹಿಂದಿನ ಶನಿವಾರ ತರಗತಿಯ ಹಂಚು ಸೋರಿ, ಮಕ್ಕಳನ್ನು ಅರ್ಧಕ್ಕೇ ಮನೆಗೆ ಬಿಟ್ಟಿದ್ದೆವು. ಬರೆಯುತ್ತಿದ್ದ ಪುಟಗಳನ್ನು ಹಾಗೇ ಮುಚ್ಚಿಟ್ಟು ಎಲ್ಲರೂ ಓಡಿದ್ದರು. ಸೋಮವಾರ ಪ್ರಾರ್ಥನೆ ಮುಗಿಸಿ, ಹಾಜರಿ ಕರೆದು, ಇಪ್ಪತ್ತಮೂರು ಪುಸ್ತಕಗಳ ರಾಶಿ ಎಳೆದುಕೊಂಡು ಕೂತೆ. ನಾಲ್ಕು ಮತ್ತು ಐದನೇ ಕ್ಲಾಸು ಎರಡೂ ಸೇರಿ ನನ್ನ ಒಂದೇ ಕೋಣೆ.

ನಾನು ಕಾಪಿ ತಿದ್ದುವ ವೇಗ ಜೋರು. ಪುಟ ತೆರೆ, ಮೇಲಿನಿಂದ ಕೆಳಕ್ಕೆ ಒಂದು ಸಲ ಕಣ್ಣು ಹಾಯಿಸು, ಕೆಂಪು ಗೀಟು ಎಳೆ, ‘ಚೆನ್ನಾಗಿದೆ’ ಅಂತ ಬರೆ, ಸಹಿ ಹಾಕು. ಒಂದು ಪುಸ್ತಕಕ್ಕೆ ಅರ್ಧ ನಿಮಿಷ ಧಾರಾಳ. ಈ ವೇಗದ ಬಗ್ಗೆ ನನಗೆ ಒಂದಿಷ್ಟು ಹೆಮ್ಮೆಯೂ ಇತ್ತು, ಸುಳ್ಳು ಯಾಕೆ ಹೇಳಲಿ.

ಆ ಪುಟದಲ್ಲಿ ಮಾತ್ರ ಕೈ ನಿಂತಿತು. ಎಡಗಡೆ ಅರ್ಧ ತುಂಬಿತ್ತು, ಬಲಗಡೆ ಅರ್ಧ ಖಾಲಿ. ಮೇಲೆ ನಾನೇ ಬರೆದುಕೊಟ್ಟ ಮಾದರಿ ಸಾಲು: ‘ರೈತನು ಬೆಳಗ್ಗೆ ಎದ್ದು ಹೊಲಕ್ಕೆ ಹೋದನು.’ ಅದರ ಕೆಳಗೆ ಹತ್ತು ಸಾಲು. ಹತ್ತರಲ್ಲೂ ‘ರೈತನು ಬೆಳಗ್ಗೆ ಎ’ ಅಂತ ಇತ್ತು, ಮುಂದೆ ಏನೂ ಇಲ್ಲ. ಮಳೆಗೆ ಓಡುವ ಮಗು ಮೂರು ಸಾಲು ಬರೆದು ನಾಲ್ಕನೆಯದರ ನಡುವೆ ನಿಲ್ಲಿಸಬಹುದು. ಹತ್ತು ಸಾಲನ್ನೂ ಒಂದೇ ಅಕ್ಷರಕ್ಕೆ ನಿಲ್ಲಿಸುವುದು ಹೇಗೆ?

ಪುಸ್ತಕ ಐದನೇ ಕ್ಲಾಸಿನ ಒಬ್ಬ ಹುಡುಗಿಯದು. ಇಡೀ ಶಾಲೆಯಲ್ಲಿ ಅವಳದೇ ಚೆಂದದ ಬರಹ. ಅವಳು ಬರೆದ ಒಂದು ಪುಟಕ್ಕೆ ಹೆಡ್‌ಮಾಸ್ಟರು ಕಟ್ಟು ಹಾಕಿಸಿ ಆಫೀಸಿನ ಗೋಡೆಗೆ ತೂಗುಹಾಕಿದ್ದರು. ಹೊಳೆನರಸೀಪುರದಲ್ಲಿ ಒಂದು ಸಂಘದವರು ಪ್ರತಿ ವರ್ಷ ಸಂಕ್ರಾಂತಿ ಕಳೆದ ಮೇಲೆ ಕೈಬರಹ ಸ್ಪರ್ಧೆ ಇಡುತ್ತಾರೆ. ಸುತ್ತಲಿನ ತಾಲ್ಲೂಕುಗಳ ಮಕ್ಕಳೆಲ್ಲ ಬರುತ್ತಾರೆ. ಹಿಂದಿನ ವರ್ಷದ ಷೀಲ್ಡು ಅವಳ ಕೈಯಿಂದ ನಮ್ಮ ಶಾಲೆಗೆ ಬಂದಿತ್ತು.

ಅವಳನ್ನು ಕರೆದೆ. ಸುಮ್ಮನೆ ಕುತೂಹಲಕ್ಕೆ, “ಇದನ್ನ ಓದಮ್ಮ” ಎಂದೆ.

ಅವಳು ಮೊದಲ ಅಕ್ಷರದ ಮೇಲೆ ಬೆರಳಿಟ್ಟಳು. “ರೈ” ಎಂದಳು. ಬೆರಳು ಕೆಳಗೆ ಜಾರಿತು. “ರೈ.” ಇನ್ನೂ ಕೆಳಗೆ. “ರೈ.”

“ಅಡ್ಡಕ್ಕೆ ಓದೇ.”

ನನ್ನ ಮುಖ ನೋಡಿದಳು. ಆಮೇಲೆ ಶುಕ್ರವಾರ ಕೊಟ್ಟಿದ್ದ ಸಾಲನ್ನು ಗಟ್ಟಿಯಾಗಿ, ಒಂದು ತಪ್ಪೂ ಇಲ್ಲದೆ ಹೇಳಿದಳು. ಪುಟದಲ್ಲಿ ಇದ್ದದ್ದು ಶನಿವಾರದ ಸಾಲು.

ಅಯ್ಯೋ ದೇವರೇ ಅಂದುಕೊಂಡೆ. ತರಗತಿಗೆ ತಿರುಗಿ, “ಯಾರ್ಯಾರು ಹೀಗೆ ಕೆಳಮುಖವಾಗಿ ಬರೀತೀರ, ಕೈ ಎತ್ತಿ” ಎಂದೆ. ಒಂದು ಕೈಯೂ ಏಳಲಿಲ್ಲ. “ಬೈಯಲ್ಲ, ಹೇಳ್ರೋ” ಅಂದಾಗ ನಾಲ್ಕನೇ ಕ್ಲಾಸಿನವನೊಬ್ಬ ಕೂತಲ್ಲಿಂದಲೇ ಬಾಯಿಬಿಟ್ಟ.

“ಎಲ್ರೂ ಅಂಗೇ ಮಿಸ್. ಅಡ್ಡಕ್ಕೆ ಬರುದ್ರೆ ಲೇಟಾಯ್ತದೆ.”

“ಅಂದ್ರೆ?”

“ರಾಗಿ ನಾಟಿ ಆಕ್ತಾರಲ್ಲ ಮಿಸ್, ಅಂಗೆ. ಒಂದು ಸಾಲು ಇಡ್ಕಂಡು ಕೆಳೀಕೆ ಹೋಗದು, ಆಮೇಕೆ ಪಕ್ಕದ ಸಾಲು. ಅಕ್ಕ ಯೋಳ್ಕೊಟ್ಲು.”

ಅಕ್ಕ ಅಂದರೆ ಆ ಹುಡುಗಿಯೇ. ಅವಳು ನೆಲ ನೋಡುತ್ತಿದ್ದಳು.

ಮಾರನೆಯ ದಿನ ಹೊಸ ಸಾಲು ಕೊಟ್ಟು, ಕುರ್ಚಿಯಲ್ಲಿ ಕೂರದೆ ಹಿಂದಿನ ಗೋಡೆಗೆ ಒರಗಿ ನಿಂತೆ. ಕಾಪಿ ಬರೆಸುವಾಗ ಮಕ್ಕಳ ಕೈ ನೋಡುತ್ತಾ ನಿಂತದ್ದು ಅದೇ ಮೊದಲು. ಸಾಮಾನ್ಯವಾಗಿ ಆ ಹೊತ್ತಿನಲ್ಲಿ ನಾನು ಬಿಸಿಯೂಟದ ಲೆಕ್ಕವನ್ನೋ ಮೇಲಿನವರು ಕೇಳಿದ ಮಾಹಿತಿಯನ್ನೋ ತುಂಬುತ್ತಿರುತ್ತೇನೆ. ಮಕ್ಕಳು ಮಾದರಿ ಸಾಲನ್ನು ಒಂದು ಸಲ ನೋಡಿದರು. ಆಮೇಲೆ ಮೊದಲ ಅಕ್ಷರವನ್ನು ಪುಟದ ಬುಡದವರೆಗೆ ಇಳಿಸಿದರು. ಮತ್ತೆ ಮೇಲೆ ಬಂದು ಎರಡನೆಯದು. ಒತ್ತಕ್ಷರಗಳನ್ನು ಕೊನೆಗೆ ಒಟ್ಟಿಗೆ ಹಾಕುವವರೂ ಇದ್ದರು. ಮೇಲಿನ ಅಕ್ಷರವೇ ಕೆಳಗಿನದಕ್ಕೆ ಅಳತೆ. ಹಾಗಾಗಿ ಎಲ್ಲ ಅಕ್ಷರವೂ ಒಂದೇ ಗಾತ್ರ, ಪದಗಳ ನಡುವಿನ ಜಾಗ ನೂಲು ಹಿಡಿದಂತೆ ನೇರ. ತೀರ್ಪುಗಾರರು ಮೆಚ್ಚುವುದು ಇದನ್ನೇ. ಹನ್ನೆರಡು ನಿಮಿಷಕ್ಕೆ ಪುಟ ತುಂಬಿತು. ಆ ಪುಟದಲ್ಲಿ ಒಂದು ಪದವನ್ನೂ ಅವರು ಬರೆದಿರಲಿಲ್ಲ.

ಅವತ್ತು ಹಳೆಯ ಪುಸ್ತಕಗಳನ್ನೆಲ್ಲ ಬೀರುವಿನಿಂದ ಇಳಿಸಿ ನೋಡಿದೆ. ಗುರುತು ಮೊದಲಿನಿಂದಲೂ ಇತ್ತು. ಸೀಸದ ಕಡ್ಡಿ ಬರೆಯುತ್ತಾ ಮೊಂಡಾಗುತ್ತದೆ. ಸಾಲು ಸಾಲಾಗಿ ಬರೆದರೆ ಮೇಲಿನ ಸಾಲು ತೆಳ್ಳಗೆ, ಕೆಳಗಿನ ಸಾಲು ದಪ್ಪಗೆ ಬರಬೇಕು. ಇವುಗಳಲ್ಲಿ ಎಡಗಡೆ ತೆಳ್ಳಗೆ, ಬಲಗಡೆ ದಪ್ಪಗೆ. ಜೂನ್‌ನಿಂದ ಪ್ರತಿ ಪುಟವೂ ಹಾಗೇ. ಪ್ರತಿ ಪುಟದ ಕೆಳಗೂ ನನ್ನ ಸಹಿ, ‘ಚೆನ್ನಾಗಿದೆ’. ಅವಳ ಪುಸ್ತಕದಲ್ಲಿ ಅಲ್ಲಲ್ಲಿ ‘ಅತ್ಯುತ್ತಮ’.

ನನಗೆ ನಾಚಿಕೆಯಾಯಿತು. ಅದಕ್ಕಿಂತ ಮೊದಲು ಸಿಟ್ಟು ಬಂದಿತ್ತು, ಅದು ಮಕ್ಕಳ ಮೇಲೆ. ಸಿಟ್ಟು ಹೋಗಬೇಕಾದ ಜಾಗ ಅದಲ್ಲ ಅಂತ ಚನ್ನರಾಯಪಟ್ಟಣದ ಬಸ್ಸು ಹತ್ತಿ ಕೂತ ಮೇಲೆ ಹೊಳೆಯಿತು.

ಮುಂದಿನ ಮೂರು ದಿನ ಒಬ್ಬೊಬ್ಬರನ್ನೇ ಜಗುಲಿಗೆ ಕರೆದು ಮೂರನೇ ಕ್ಲಾಸಿನ ಪುಸ್ತಕದಿಂದ ಒಂದೊಂದು ಪುಟ ಓದಿಸಿದೆ. ಅರ್ಧದಷ್ಟು ಮಂದಿ ಓದಿದರು, ನಾಲ್ಕೈದು ಮಂದಿ ತಡವರಿಸಿಕೊಂಡು ದಡ ಸೇರಿದರು. ಆರು ಮಂದಿಗೆ ಒಂದು ಸಾಲೂ ಆಗಲಿಲ್ಲ. ಆ ಆರರಲ್ಲಿ ಅವಳೂ ಒಬ್ಬಳು. ಬಿಡಿ ಅಕ್ಷರ ತೋರಿಸಿದರೆ ಹೇಳುತ್ತಾಳೆ. ಕೂಡಿಸಿದರೆ ನಿಲ್ಲುತ್ತಾಳೆ. ಅವಳ ಒಂದನೇ ಕ್ಲಾಸು ಕೊರೋನಾದಲ್ಲಿ ಮನೆಯ ಜಗುಲಿಯಲ್ಲೇ ಕಳೆದಿತ್ತು. ಆಗ ದೊಡ್ಡವರು ಯಾರೋ ಸ್ಲೇಟಿನ ಮೇಲೆ ಬರೆದುಕೊಟ್ಟ ಅಕ್ಷರಗಳನ್ನು ತಿದ್ದಿ ತಿದ್ದಿ ಕೈ ಕುದುರಿತ್ತು. ಶಾಲೆ ತೆರೆದ ಮೇಲೆ ಅವಳ ಪುಸ್ತಕ ನೋಡಿದವರೆಲ್ಲ ಈ ಮಗುವಿಗೆ ಎಲ್ಲ ಬರುತ್ತದೆ ಅಂತ ಮುಂದಕ್ಕೆ ಕಳಿಸಿದ್ದರು. ನಾನು ಆ ಸಾಲಿನಲ್ಲಿ ಕೊನೆಯವಳು. ಜೂನ್ ಬಂದರೆ ಅವಳು ಆರನೇ ಕ್ಲಾಸು. ಅಲ್ಲಿ ಸಮಾಜ, ವಿಜ್ಞಾನ ಅಂತ ಮೊಳ ದಪ್ಪದ ಪುಸ್ತಕಗಳು. ಯಾರೂ ಕೂರಿಸಿಕೊಂಡು ಕಾಗುಣಿತ ಹೇಳಿಕೊಡುವುದಿಲ್ಲ.

ಹೆಡ್‌ಮಾಸ್ಟರ ಹತ್ತಿರ ಹೋಗಿ, ನನ್ನ ಎರಡು ಕ್ಲಾಸಿಗೂ ಕಾಪಿ ನಿಲ್ಲಿಸುತ್ತೇನೆ ಎಂದೆ.

“ಏನ್ ಮಿಸ್, ತಮಾಷೆ ಮಾಡ್ತಿದ್ದೀರಾ?” ಎಂದರು. ಅವರಿಗೆ ನಿವೃತ್ತಿಗೆ ಎರಡು ವರ್ಷ ಇತ್ತು. ಸಿಟ್ಟಿನ ಮನುಷ್ಯರಲ್ಲ, ಅಕ್ಷರದ ಮೇಲೆ ಮಾತ್ರ ವಿಪರೀತ ಪ್ರೀತಿ. “ಈ ಸ್ಕೂಲಿಗೆ ಇರೋದು ಅದೊಂದೇ ಹೆಸರು ಕಣ್ರೀ. ಬರವಣಿಗೆ ದುಂಡಗಿದ್ರೆ ಓದು ತಾನಾಗೇ ಬರುತ್ತೆ.”

“ಬಂದಿಲ್ವಲ್ಲ ಸಾರ್.”

“ಬರುತ್ತೆ.”

“ಐದು ವರ್ಷ ಆಯ್ತಲ್ಲ ಸಾರ್.”

ಅವರು ಗೋಡೆಯ ಮೇಲೆ ಕಟ್ಟು ಹಾಕಿಸಿದ್ದ ಅವಳ ಪುಟವನ್ನು ನೋಡಿದರು. “ಏನಾದ್ರೂ ಮಾಡ್ಕೊಳಿ. ಆದ್ರೆ ಆ ಹುಡುಗಿ ಹೊಳೆನರಸೀಪುರಕ್ಕೆ ಹೋಗ್ಬೇಕು. ಅದರಲ್ಲಿ ಮಾತಿಲ್ಲ” ಎಂದರು. ಒಪ್ಪಿಕೊಂಡೆ. ಒಪ್ಪದೆ ಇದ್ದರೆ ಕಾಪಿ ಮತ್ತೆ ಶುರುವಾಗುತ್ತಿತ್ತು.

ಹಾಸನದ ಒಂದು ತರಬೇತಿಯಲ್ಲಿ ಹಿಂದೆ ಯಾವಾಗಲೋ ಹೇಳಿಕೊಟ್ಟಿದ್ದ ವಿಧಾನ ಹಿಡಿದೆ. ಬೋರ್ಡಿನ ಮೇಲೆ ಒಂದು ಸಣ್ಣ ವಾಕ್ಯ. ಎಲ್ಲರೂ ನೋಡಬೇಕು, ಬಾಯಲ್ಲಿ ಹೇಳಬೇಕು. ಆಮೇಲೆ ಬೋರ್ಡನ್ನು ಹಳೇ ಬೆಡ್‌ಷೀಟಿನಿಂದ ಮುಚ್ಚುತ್ತೇನೆ. ನೋಡದೆ ಬರೆಯಬೇಕು. ಒಂದೇ ಸಲ. ಹತ್ತು ಸಾಲಿಲ್ಲದ ಮೇಲೆ ಕೆಳಮುಖವಾಗಿ ಇಳಿಯುವ ಮಾತೇ ಇಲ್ಲ. ಬರೆದಾದ ಮೇಲೆ ಬಟ್ಟೆ ಸರಿಸಿ ಅವರೇ ಹೋಲಿಸಿಕೊಳ್ಳಬೇಕು. ಕೆಂಪು ಪೆನ್ನನ್ನು ಡ್ರಾಯರಿಗೆ ಹಾಕಿ ಬೀಗ ಹಾಕಿದೆ.

ಎರಡೇ ವಾರಕ್ಕೆ ಪುಸ್ತಕಗಳ ಸ್ಥಿತಿ ನೋಡಲಾಗದಂತೆ ಆಯಿತು. ಅಕ್ಷರಗಳು ಗೆರೆ ಬಿಟ್ಟು ಮೇಲೆ ಹತ್ತಿದವು, ತಲೆಕಟ್ಟುಗಳು ಕಳಚಿದವು. ಒತ್ತುಗಳು ಎಲ್ಲೆಲ್ಲೋ ಬಿದ್ದಿದ್ದವು. ಓದಲು ಬರುವ ಮಕ್ಕಳೂ ನೆನಪಿಟ್ಟುಕೊಳ್ಳುವ ಅವಸರದಲ್ಲಿ ಗೀಚಿದರು. ಆ ಹುಡುಗಿ ಮೊದಲ ಎರಡು ಅಕ್ಷರ ಅಚ್ಚು ಹಾಕಿದಂತೆ ಬರೆದು ಸುಮ್ಮನೆ ಕೂರುತ್ತಿದ್ದಳು. ಪುಟದ ಉಳಿದ ಜಾಗ ಬೆಳ್ಳಗೆ ಹಾಗೇ ಇರುತ್ತಿತ್ತು.

ಒಂದು ಬೆಳಗ್ಗೆ ಅವಳ ತಾಯಿ ಬಂದರು. ಡೈರಿಗೆ ಹಾಲು ಹಾಕಿ, ಕ್ಯಾನು ಹಿಡಿದುಕೊಂಡೇ ನೇರ ನನ್ನ ಬಾಗಿಲಿಗೆ. ಹೊಲ, ತೆಂಗು, ನಾಲ್ಕು ಸೀಮೆಹಸು ಇರುವ ಮನೆತನ. ಶಾಲೆಯ ಸಮಿತಿಯಲ್ಲೂ ಅವರು ಇದ್ದರು. ಹಳೆಯ ಪುಸ್ತಕವನ್ನೂ ಹೊಸದನ್ನೂ ನನ್ನ ಟೇಬಲ್ ಮೇಲೆ ಅಕ್ಕಪಕ್ಕ ಬಿಡಿಸಿಟ್ಟರು.

“ಏನ್ ಮಿಸ್ಸು ಇದು? ನಮ್ ಹುಡ್ಗಿ ಬರವಣ್ಗೆ ಎಂಗಿತ್ತು, ಎಂಗ್ ಮಾಡಿದ್ದೀರ ನೋಡಿ. ಎಲ್ಡಕ್ಸರ ಬರ್ದು ಪುಟ್ವೆಲ್ಲ ಖಾಲಿ ಬುಟ್ಟವ್ಳೆ.”

“ಅಮ್ಮಾ, ಅವಳಿಗೆ ಓದೋಕೆ ಬರಲ್ಲ.”

“ಬರಿಯಕ್ ಬತ್ತದೆ, ಓದಕ್ ಬರಕ್ಕಿಲ್ವಾ? ಅದೆಂಗಾದದು?”

ನ್ಯಾಯವಾದ ಪ್ರಶ್ನೆ. ಹಳೆಯ ಪುಸ್ತಕದ ಎಡಗಡೆ ತುಂಬಿದ ಪುಟವನ್ನು ತೆರೆದು ತೋರಿಸಿದೆ, ನಾಟಿಯ ವಿಷಯ ಹೇಳಿದೆ. ಅವರು ಬಹಳ ಹೊತ್ತು ನೋಡಿದರು. “ಇಷ್ಟ್ ದಿನ ನೀವ್ ನೋಡ್ನಿಲ್ವಾ?” ಎಂದರು. ಇಲ್ಲ ಎಂದೆ. ಕ್ಯಾನು ಎತ್ತಿಕೊಂಡು ಹೋದರು.

ಮರುದಿನದಿಂದ ಹುಡುಗಿ ಬರಲಿಲ್ಲ. ಒಂದು ದಿನ, ಎರಡು ದಿನ, ನಾಲ್ಕು ದಿನ. ಐದನೆಯ ದಿನ ಶಾಲೆ ಬಿಟ್ಟ ಮೇಲೆ ಮನೆಗೇ ಹೋದೆ. ಕೊಟ್ಟಿಗೆಯಲ್ಲಿ ಕರುವಿನ ಪಕ್ಕ ಕೂತು ಹುಲ್ಲು ಆರಿಸುತ್ತಿದ್ದಳು. ಮೈಗೆ ಏನೂ ಆಗಿರಲಿಲ್ಲ.

“ಯಾಕಮ್ಮ ಬರ್ತಿಲ್ಲ?”

ಅವಳು ಕೈಯಲ್ಲಿದ್ದ ಹುಲ್ಲನ್ನು ಕರುವಿನ ಬಾಯಿಗೆ ಹಿಡಿದಳು. ಆಮೇಲೆ ಕರುವಿನ ಕಡೆ ನೋಡುತ್ತಲೇ, “ನಂಗೆ ಅದೊಂದೇ ಬತ್ತಿದ್ದು ಮಿಸ್. ಅದ್ನೂ ತಕ್ಕಂಬುಟ್ರಿ” ಎಂದಳು.

ಅವಳು ಹೇಳಿದ್ದು ನಿಜ. ಓದು ಕೊಡುವ ಮೊದಲೇ ಬರಹ ಕಿತ್ತುಕೊಂಡಿದ್ದೆ. ತಾಯಿ ಕಾಫಿ ತಂದಿಟ್ಟರು. ಆ ಮಗುವಿನ ಮುಂದೆ ಕೂತು ಕಾಫಿ ಕುಡಿಯುವುದು ಕಷ್ಟವಾಯಿತು. ಲೋಟ ಕೆಳಗಿಟ್ಟು ಕೇಳಿದೆ:

“ಬೋರ್ಡಿನ ಮೇಲೆ ಬರೀತೀಯಾ?”

ನಮ್ಮ ಶಾಲೆಯಲ್ಲಿ ಬೋರ್ಡು ಮುಟ್ಟುವುದು ಮೇಷ್ಟರುಗಳು ಮಾತ್ರ. ಅವಳು ಮೊದಲ ಸಲ ನನ್ನ ಕಡೆ ತಿರುಗಿದಳು.

“ಬಣ್ಣದ್ ಚಾಕ್‌ಪೀಸಾ?”

“ಬಣ್ಣದ್ದೇ.”

ತಾಯಿ ಬಾಗಿಲ ಹತ್ತಿರದಿಂದ, “ಓದ್ಸಿ ಮಿಸ್ಸು, ಬ್ಯಾಡ ಅನ್ನಕ್ಕಿಲ್ಲ. ಆದ್ರೆ ಹೊಳೆನರಸೀಪುರಕ್ಕೆ ಕರ್ಕಂಡೋಗ್ಲೇಬೇಕು. ನೆಂಟ್ರಿಗೆಲ್ಲ ಯೋಳಿವ್ನಿ” ಎಂದರು.

ದಸರಾ ರಜೆ ಕಳೆದ ಮೇಲೆ ಹೊಸ ಕ್ರಮ ಶುರುವಾಯಿತು. ದಿನಕ್ಕೊಂದು ಮಗು ತನ್ನ ಮನೆಯ ಸುದ್ದಿಯಲ್ಲಿ ಒಂದು ವಾಕ್ಯ ಹೇಳಬೇಕು. ಅವಳು ಅದನ್ನು ಕೇಳಿ ಬೋರ್ಡಿನ ಮೇಲೆ ಬರೆಯಬೇಕು. ನೋಡಿ ಬರೆಯಲು ಮಾದರಿಯೇ ಇಲ್ಲ. ಮೊದಲ ವಾಕ್ಯ ನಾಟಿಯ ಗುಟ್ಟು ಬಾಯಿಬಿಟ್ಟ ಆ ಹುಡುಗನದು: “ನಮ್ ತಾತ ಹಲ್ಲು ಕಟ್ಟುಸ್ಕಂಡು ಬಂದ.” ‘ನಮ್ಮ ತಾತ ಹಲ್ಲು ಕಟ್ಟಿಸಿಕೊಂಡು ಬಂದರು’ ಅಂತ ನಾನು ತಿದ್ದಿ ಹೇಳಿದೆ. ‘ನ’ ಬರೆದಳು, ‘ಮ’ ಬರೆದಳು, ಒತ್ತು ಎಲ್ಲಿ ಅಂತ ಹುಡುಕಿದಳು. ಏಳು ನಿಮಿಷ. ಹೇಳಿಕೊಡಲು ನನ್ನ ನಾಲಿಗೆ ತುರಿಸುತ್ತಿತ್ತು, ಕಚ್ಚಿಕೊಂಡು ನಿಂತೆ. ‘ಕಟ್ಟಿಸಿಕೊಂಡು’ ಹತ್ತಿರ ಸಿಕ್ಕಿಬಿದ್ದಾಗ ಉಳಿದವರು ಒಂದೊಂದು ಅಕ್ಷರ ಎಸೆದರು, ಅವಳು ಹಿಡಿದು ಬರೆದಳು. ಪ್ರತಿ ಪದ ಮುಗಿದಾಗ ಬಾಯಿಬಿಟ್ಟು ಹೇಳಿಸಿದೆ. ಬರೆದದ್ದು ತಾತನ ಹಲ್ಲಿನ ವಿಷಯವೇ ಅಂತ ಗೊತ್ತಾಗಲು ಅವಳಿಗೆ ಅಷ್ಟು ಹೊತ್ತು ಬೇಕಾಯಿತು.

ನವೆಂಬರ್ ಪೂರ್ತಿ ಹೀಗೇ ಕಳೆಯಿತು. ಕೆಲವು ದಿನ ಮುಂದೆ, ಕೆಲವು ದಿನ ಹಿಂದೆ. ವಾಕ್ಯವನ್ನು ಬಾಯಿಪಾಠ ಮಾಡಿ ಓದಿದಂತೆ ನಟಿಸುವುದನ್ನು ಅವಳು ಬಿಡಲಿಲ್ಲ. ಐದು ವರ್ಷ ಅದರಲ್ಲೇ ಪಾರಾದವಳು, ಸುಲಭವಾಗಿ ಬಿಡುತ್ತಾಳಾ? ಓದಿದ್ದೋ ನಟಿಸಿದ್ದೋ ಅಂತ ಪತ್ತೆ ಹಚ್ಚಲು ನಾನೊಂದು ಉಪಾಯ ಹೂಡಿದೆ. ಮಕ್ಕಳು ಒಳಗೆ ಬರುವ ಮೊದಲೇ ಬೋರ್ಡಿನ ಮೇಲೆ ಒಂದು ಹುಚ್ಚು ವಾಕ್ಯ ಬರೆದಿಟ್ಟು, ಬಾಯಿ ಬಿಡದೆ ಕೂರುವುದು. ‘ಸಾರಿನ ಪಾತ್ರೆ ಎದ್ದು ಕುಣಿಯಿತು.’ ಓದಿದ ಮಗು ನಗುತ್ತದೆ, ಓದದ ಮಗು ನಗುವವರ ಮುಖ ನೋಡಿ ನಗುತ್ತದೆ. ಈ ಎರಡರ ನಡುವೆ ಒಂದು ಗಳಿಗೆ ವ್ಯತ್ಯಾಸ. ನಾನು ಬೋರ್ಡಿಗೆ ಬೆನ್ನು ಹಾಕಿ ಅದನ್ನೇ ಕಾಯುತ್ತಿದ್ದೆ. ಅವಳು ದಿನವೂ ಆ ಒಂದು ಗಳಿಗೆ ತಡವಾಗಿ ನಗುತ್ತಿದ್ದಳು.

ಡಿಸೆಂಬರಿನಲ್ಲಿ ಒಂದು ದಿನ, ‘ನಮ್ಮ ಹೆಡ್‌ಮಾಸ್ಟರು ಸೀಬೆ ಮರ ಹತ್ತಿ ಇಳಿಯಲಾಗದೆ ಅತ್ತರು’ ಅಂತ ಬರೆದು ಕೂತೆ. ಮಕ್ಕಳು ಒಳಗೆ ಬಂದು ಚಾಪೆ ಹಾಸುತ್ತಿದ್ದರು. ಯಾರೋ ಕಿಸಕ್ಕನೆ ನಕ್ಕರು. ಅವಳೇ. ಉಳಿದವರು ಇನ್ನೂ ತಲೆ ಎತ್ತಿರಲಿಲ್ಲ. ಬಾಯಿಗೆ ಕೈ ಅಡ್ಡ ಹಿಡಿದುಕೊಂಡು ನನ್ನ ಕಡೆ ನೋಡಿ, “ಮಿಸ್, ಸಾರು ನೋಡುದ್ರೆ?” ಎಂದಳು. ನನಗೆ ಎಷ್ಟು ಸಂತೋಷವಾಯಿತೆಂದರೆ ಎದ್ದು ಕಿಟಕಿಯ ಹತ್ತಿರ ಹೋಗಿ ನಿಲ್ಲಬೇಕಾಯಿತು. ಹೆಡ್‌ಮಾಸ್ಟರು ನೋಡಿದರು ಕೂಡ. ಹಾಜರಿ ಪುಸ್ತಕ ಕೇಳಲು ಬಂದವರು ಬೋರ್ಡು ಓದಿ, “ಈ ಮರ ಯಾರ ತೋಟದ್ದು?” ಎಂದು ಕೇಳಿ ಹೋದರು.

ಸ್ಪರ್ಧೆಗೆ ಮೂರು ವಾರ ಉಳಿದಾಗ ಮತ್ತೆ ಜೋಡಿಗೆರೆ ಪುಸ್ತಕ ತೆಗೆದೆವು. ಕೈ ಅಳುಕಿತ್ತು, ಆದರೆ ಮರೆತಿರಲಿಲ್ಲ. ಸಂಜೆ ಅರ್ಧ ಗಂಟೆ ಕೂರಿಸಿ, ಒಂದು ಪೂರ್ತಿ ಪದ ನೋಡು, ತಲೆ ತಗ್ಗಿಸಿ ಬರಿ ಅಂತ ರೂಢಿ ಮಾಡಿಸಿದೆ. ದುಂಡನೆಯ ಅಕ್ಷರ ತಿರುಗಿ ಬಂತು. ವೇಗ ಮಾತ್ರ ಹಿಂದಿನಷ್ಟು ಬರಲಿಲ್ಲ.

ಸ್ಪರ್ಧೆಯ ಭಾನುವಾರ ಹೆಡ್‌ಮಾಸ್ಟರಿಗೆ ಬರಲಾಗಲಿಲ್ಲ. ನಾನು, ಹುಡುಗಿ, ಅವಳ ತಾಯಿ ಮೂವರೇ ಬಸ್ಸಿನಲ್ಲಿ ಹೋದೆವು. ತಾಯಿ ಮಗಳಿಗೆ ಹೊಸ ಲಂಗ ಹಾಕಿಸಿ, ಮೂರು ಸೀಸದ ಕಡ್ಡಿ ಹೆರೆದುಕೊಟ್ಟಿದ್ದರು. ಹೊಳೆನರಸೀಪುರದ ಒಂದು ಸಭಾಂಗಣದ ತುಂಬ ಚಾಪೆ, ಮಣೆ, ನೂರಾರು ಮಕ್ಕಳು. ಅಚ್ಚಾದ ಒಂದು ಹಾಳೆ ಕೊಡುತ್ತಾರೆ, ಅದರಲ್ಲಿ ಹತ್ತು ಸಾಲು. ಮುಕ್ಕಾಲು ಗಂಟೆಯಲ್ಲಿ ಅದನ್ನು ನೋಡಿ ಬರೆಯಬೇಕು. ಪೂರ್ತಿ ಮಾಡದ ಹಾಳೆಯನ್ನು ತೀರ್ಪಿಗೆ ತೆಗೆದುಕೊಳ್ಳುವುದಿಲ್ಲ.

ನಾವು ಕಿಟಕಿಯ ಹೊರಗೆ ನಿಂತೆವು. ಗಂಟೆ ಬಾರಿಸಿದರು. ಸುತ್ತಲಿನ ಮಕ್ಕಳೆಲ್ಲ ಬಗ್ಗಿ ಬರೆಯತೊಡಗಿದರು. ಇವಳು ಹಾಳೆ ಹಿಡಿದುಕೊಂಡು ಸುಮ್ಮನೆ ಕೂತಿದ್ದಾಳೆ. ಐದು ನಿಮಿಷ, ಹತ್ತು ನಿಮಿಷ.

“ಯಾಕ್ ಮಿಸ್ಸು, ಮರ್ತೋದ್ಲಾ?” ತಾಯಿ ಕಿಟಕಿಯ ಸರಳು ಹಿಡಿದು ಬಗ್ಗಿದರು. ಹದಿನೈದನೇ ನಿಮಿಷಕ್ಕೋ ಏನೋ ಕಡ್ಡಿ ಎತ್ತಿದಳು. ಆಮೇಲೆ ನಿಲ್ಲಲಿಲ್ಲ. ಕೊನೆಯ ಗಂಟೆಗೆ ಏಳು ಸಾಲು ಆಗಿತ್ತು.

ಹೊರಗೆ ಬಂದಾಗ ತಾಯಿ ಮುಖ ತಿರುಗಿಸಿಕೊಂಡರು. ಯಾಕೆ ತಡ ಮಾಡಿದೆ ಅಂತ ನಾನೇ ಕೇಳಿದೆ. “ಮೊದ್ಲು ಪೂರ್ತಿ ಓದ್ಬುಟ್ಟೆ ಮಿಸ್. ಎಲ್ಡು ಸಲ” ಎಂದಳು. ಅವಳ ಕೈಯಿಂದ ಅಚ್ಚಿನ ಹಾಳೆ ತೆಗೆದುಕೊಂಡು ನೋಡಿದೆ. ಒತ್ತಕ್ಷರ ಎಷ್ಟು, ಸಾಲುಗಳ ಉದ್ದ ಎಷ್ಟು, ಅಚ್ಚು ಸಣ್ಣದಾಗಿದೆಯಲ್ಲ ಅಂತೆಲ್ಲ ಲೆಕ್ಕ ಹಾಕಿ, ಮಡಿಸಿ ಚೀಲಕ್ಕೆ ಹಾಕಿಕೊಂಡೆ. ಬಸ್‌ಸ್ಟ್ಯಾಂಡಿನಿಂದ ಹೆಡ್‌ಮಾಸ್ಟರಿಗೆ ಫೋನ್ ಮಾಡಿದೆ.

“ಮೂರು ಸಾಲು ಬಿಟ್ಟಳಾ?” ಅಂದರು. ಆಮೇಲೆ, “ಅಕ್ಷರ?” ಎಂದರು.

“ದುಂಡಗಿತ್ತು ಸಾರ್.”

ಚನ್ನರಾಯಪಟ್ಟಣದ ಬಸ್ಸಿನಲ್ಲಿ ಮೂರು ಜನದ ಸೀಟು ಸಿಕ್ಕಿತು. ಹುಡುಗಿ ಕಿಟಕಿಗೆ, ತಾಯಿ ನಡುವೆ, ನಾನು ತುದಿಗೆ. ತಾಯಿ ಇನ್ನೂ ಮುಖ ಗಂಟು ಹಾಕಿಕೊಂಡೇ ಇದ್ದರು. ಊರು ದಾಟಿದ ಮೇಲೆ ಹುಡುಗಿ ತಾಯಿಯ ಮಡಿಲ ಮೇಲಿನಿಂದ ಬಗ್ಗಿ ನನ್ನನ್ನು ಕೇಳಿದಳು.

“ಮಿಸ್, ಆ ಎಮ್ಮೆ ಸಿಕ್ತಾ?”

“ಯಾವ ಎಮ್ಮೆ?”

“ಆ ಆಳೇಲಿರದು. ನೀವ್ ಓದ್ನಿಲ್ವಾ?”

ಇಲ್ಲ ಎಂದೆ. ಚೀಲದಿಂದ ಹಾಳೆ ತೆಗೆದು ಕೊಟ್ಟು, “ಓದು, ಕೇಳೋಣ” ಎಂದೆ.

ಅವಳು ಅದನ್ನು ತೊಡೆಯ ಮೇಲೆ ಬಿಡಿಸಿ, ಮೊದಲ ಪದದ ಕೆಳಗೆ ಬೆರಳಿಟ್ಟಳು. ಬೆರಳು ಅಡ್ಡಕ್ಕೆ ಸರಿಯಿತು, ಸಾಲಿನ ತುದಿ ಮುಟ್ಟಿತು, ಮತ್ತೆ ಎಡಕ್ಕೆ ಬಂತು. ಬಸ್ಸು ಕುಲುಕಿದಾಗ ನಿಲ್ಲಿಸಿ, ಬಿಟ್ಟಲ್ಲಿಂದ ಹಿಡಿದಳು. ಒಬ್ಬ ಮುದುಕಿ, ಅವಳದೊಂದು ಎಮ್ಮೆ. ಮಳೆಗಾಲದಲ್ಲಿ ಹೊಳೆಯ ಆಚೆ ದಡಕ್ಕೆ ಮೇಯಲು ಹೋದದ್ದು ವಾಪಸು ಬಂದಿಲ್ಲ. ನೀರು ಏರುತ್ತಿದೆ. ಮುದುಕಿ ಈಚೆ ದಡದಲ್ಲಿ ನಿಂತು ಹೆಸರು ಹಿಡಿದು ಕೂಗುತ್ತಾಳೆ. ಅಲ್ಲಿಗೆ ಹತ್ತನೇ ಸಾಲು ಮುಗಿಯಿತು.

ತಾಯಿ ಯಾವಾಗಲೋ ಮುಖ ಇತ್ತ ತಿರುಗಿಸಿದ್ದರು. “ಆಮೇಕೆ?” ಎಂದರು.

ಹುಡುಗಿ ಹಾಳೆಯನ್ನು ಮಗುಚಿ ನೋಡಿದಳು. ಹಿಂದೆ ಖಾಲಿ.

“ಇಷ್ಟೇ ಕಣವ್ವ. ಬರಿಯಕ್ಕೆ ಅಂತ ಕೊಟ್ಟವ್ರೆ. ಯಾರೂ ಓದಕ್ಕಿಲ್ಲ ಅನ್ಕಂಡವ್ರೆ.”